ಓಡುವವನು ಓದುವುದಿಲ್ಲವೇ?

ಆಗಸ್ಟ್ ತಿಂಗಳು ಬಂತೆಂದರೆ ಬಾಲ್ಟಿಮೋರ್ ನಗರದಲ್ಲಿ ಒಂದು ಬಗೆಯ ಪಂಚಾಂಗ ಶ್ರವಣ ಶುರುವಾಗುತ್ತದೆ. ಅಮೆರಿಕನ್ ಫುಟ್‌ಬಾಲಿನ ಲೀಗ್ ಪಂದ್ಯಗಳು ಸೆಪ್ಟೆಂಬರಿನಲ್ಲಿ ಆರಂಭ. ಒಂದೊಂದು ತಂಡಕ್ಕೆ 17 ಪಂದ್ಯ, 2021ಕ್ಕೆ ಮುಂಚೆ 16 ಇದ್ದವು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ರೇವನ್ಸ್ ತಂಡದ ಅಭಿಮಾನಿಗಳು ಬೆರಳು ಮಡಚುತ್ತಾ ಹೋಗುತ್ತಾರೆ. ಇದು ಗೆಲುವು, ಇದೂ ಗೆಲುವೇ, ಇದು ಚಳಿಯಲ್ಲಿ ಬಫಲೋಗೆ ಹೋಗಿ ಆಡಬೇಕಾದ್ದು, ದೇವರೇ ಗತಿ. ಆದಾಯ ಇಷ್ಟು, ವ್ಯಯ ಇಷ್ಟು. ನಾನು ಮೇರಿಲ್ಯಾಂಡಿನಲ್ಲಿದ್ದ ವರ್ಷಗಳಲ್ಲಿ ಇದನ್ನು ಆಫೀಸಿನ ಕಾಫಿ ಯಂತ್ರದ ಪಕ್ಕದಲ್ಲಿ, ಕ್ಷೌರದಂಗಡಿಯಲ್ಲಿ, ಏಡಿ ಒಡೆದು ತಿನ್ನುವ ಮೇಜುಗಳ ಸುತ್ತ ಕೇಳಿದ್ದೇನೆ. ಲೆಕ್ಕ ಹನ್ನೊಂದೋ ಹನ್ನೆರಡೋ ಗೆಲುವಿಗೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೂ ಎಲ್ಲರೂ ಸ್ನೇಹಿತರು. ಆಮೇಲೆ ಯಾರೋ ಒಬ್ಬ ಕೇಳುತ್ತಾನೆ: "ಅದೆಲ್ಲ ಸರಿ, ಜನವರಿಯಲ್ಲಿ ಇವನನ್ನು ನಂಬಬಹುದಾ?" ಇವನು ಎಂದರೆ ಕ್ವಾರ್ಟರ್‌ಬ್ಯಾಕ್, ಲಮಾರ್ ಜಾಕ್ಸನ್. ನಿಜವಾದ ಜಗಳ ಶುರುವಾಗುವುದು ಆಗ.

ಈ ಜಗಳವನ್ನು ನಾನು ವಿಮರ್ಶೆ ಎಂದೇ ಓದುತ್ತಾ ಬಂದಿದ್ದೇನೆ. ಅದಕ್ಕೆ ಪರಿಭಾಷೆ ಇದೆ, ಪರಂಪರೆ ಇದೆ, ಹಳೆಯ ಕೃತಿಗಳ ಉಲ್ಲೇಖ ಇದೆ, ಎದುರು ಗುಂಪಿನವರಿಗೆ ರುಚಿಯೇ ಇಲ್ಲ ಎಂಬ ದೂರಂತೂ ಇದ್ದೇ ಇದೆ. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಇಲ್ಲದ ಒಂದು ಸಂಗತಿಯೂ ಇದೆ: ಇಲ್ಲಿನ ವಿಶೇಷಣಗಳಿಂದ ಒಬ್ಬನ ಕೆಲಸ ಹೋಗಬಹುದು.

ಆಟ ನೋಡದವರಿಗಾಗಿ ಎರಡು ಮಾತು. ಹನ್ನೊಂದು ಜನರ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ. ಅವನ ಮುಂದೆ ಐದು ಜನ ಭಾರೀ ಆಳುಗಳು ಎದುರಾಳಿಗಳನ್ನು ತಡೆದು ಕುದುರೆ ಲಾಳದ ಆಕಾರದ ಒಂದು ಜಾಗ ಮಾಡಿಕೊಡುತ್ತಾರೆ. ಅದಕ್ಕೆ ಪಾಕೆಟ್ ಎನ್ನುತ್ತಾರೆ. ಆ ಪಾಕೆಟ್ ಎರಡೂವರೆ ಮೂರು ಸೆಕೆಂಡಿಗಿಂತ ಹೆಚ್ಚು ಉಳಿಯುವುದು ಅಪರೂಪ. ಅಷ್ಟರೊಳಗೆ ಅವನು ಮೈದಾನವನ್ನೆಲ್ಲ ನೋಡಿ, ಓಡುತ್ತಿರುವ ಸಂಗಾತಿಗಳಲ್ಲಿ ಒಬ್ಬನಿಗೆ ಚೆಂಡೆಸೆಯಬೇಕು, ಇಲ್ಲವೇ ತಾನೇ ಓಡಬೇಕು. ನಿಂತು ಎಸೆಯುವವನು ಒಂದು ಶೈಲಿ, ಓಡುವವನು ಇನ್ನೊಂದು ಶೈಲಿ. ಜಗಳದ ವಿಷಯ ಇಷ್ಟೇ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಿಂತು ಎಸೆಯುವವನ ಬಗ್ಗೆ ಬಳಸುವ ಪದಗಳನ್ನು ಗಮನಿಸಿ: ಅವನು ಮೈದಾನವನ್ನು ಓದುತ್ತಾನೆ, ಲೆಕ್ಕ ಹಾಕುತ್ತಾನೆ, ತಾಳ್ಮೆ ಇದೆ, ನಾಯಕ. ಓಡುವವನ ಬಗ್ಗೆ: ಅವನದು ಹುಟ್ಟು ಕಸುವು, ಮಿಂಚು, ಕಾಲಲ್ಲಿ ಸ್ಪ್ರಿಂಗು ಇದೆ, ಮೈಯೆಲ್ಲ ಆಟ. ನಮ್ಮ ಅಲಂಕಾರಶಾಸ್ತ್ರದವರು ಕವಿಗೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಮೂರೂ ಬೇಕೆಂದು ಹೇಳಿ, ಪ್ರತಿಭೆಗೆ ಬಹಳ ಮಟ್ಟಿಗೆ ಮೊದಲ ಮಣೆ ಹಾಕಿದರು. ಇಲ್ಲಿ ಅದು ತಲೆಕೆಳಗು. ಪ್ರತಿಭೆ ಎಂದರೆ ಮೆಚ್ಚುಗೆಯ ವೇಷದಲ್ಲಿ ಬಂದ ಸಣ್ಣ ಅವಮಾನ. ಕೊಟ್ಟವನು ದೇವರು, ಇವನು ದುಡಿದದ್ದೇನೂ ಇಲ್ಲ ಎಂಬುದು ಅದರ ಒಳಾರ್ಥ.

ಬಾಲ್ಟಿಮೋರ್‌ಗೆ ಈ ವಿಷಯದಲ್ಲಿ ಒಂದು ಆದಿಕಾವ್ಯವೇ ಇದೆ. ಅಲ್ಲಿನ ಹಳೆಯ ತಂಡ ಕೋಲ್ಟ್ಸ್. ಅದರ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್. 1955ರಲ್ಲಿ ಪಿಟ್ಸ್‌ಬರ್ಗ್ ತಂಡ ಅವನನ್ನು ಬೇಡವೆಂದು ಕೈಬಿಟ್ಟಿತ್ತು. ಅರೆವೃತ್ತಿಪರ ಆಟ ಆಡಿಕೊಂಡಿದ್ದವನನ್ನು ಕೋಲ್ಟ್ಸ್ ಕರೆಸಿಕೊಂಡಿತು. 1958ರ ಡಿಸೆಂಬರಿನಲ್ಲಿ ಯಾಂಕೀ ಸ್ಟೇಡಿಯಂನಲ್ಲಿ ನ್ಯೂಯಾರ್ಕ್ ಜಯಂಟ್ಸ್ ವಿರುದ್ಧ ಹೆಚ್ಚುವರಿ ಅವಧಿಗೆ ಹೋದ ಫೈನಲ್‌ನಲ್ಲಿ 23–17ರಿಂದ ಗೆದ್ದ ಮೇಲೆ ಅವನು ಆ ಊರಿನ ಮಟ್ಟಿಗೆ ಮನುಷ್ಯನಾಗಿ ಉಳಿಯಲಿಲ್ಲ. ಕಪ್ಪು ಎತ್ತರದ ಬೂಟು, ಸ್ವಲ್ಪ ಗೂನಿದ ಬೆನ್ನು, ಮುಖದಲ್ಲಿ ಒಂದು ಗೆರೆಯೂ ಅಲುಗದ ನಿಲುವು. ಕ್ವಾರ್ಟರ್‌ಬ್ಯಾಕ್ ಅಂದರೆ ಹೀಗಿರಬೇಕು ಎಂದು ಆ ಊರು ಅಂದೇ ತೀರ್ಮಾನಿಸಿಬಿಟ್ಟಿತು. 1984ರ ಮಾರ್ಚ್‌ನ ಒಂದು ರಾತ್ರಿ ಮಾಲೀಕ ಲಾರಿಗಳಿಗೆ ಸಾಮಾನು ತುಂಬಿಸಿ ಇಡೀ ತಂಡವನ್ನು ಇಂಡಿಯಾನಾಪೊಲಿಸ್‌ಗೆ ಸಾಗಿಸಿದ. ತಂಡ ಹೋಯಿತು, ಅದರ ವಾದ್ಯಮೇಳ ಹೋಗಲಿಲ್ಲ. ಹನ್ನೆರಡು ವರ್ಷ ಆ ಮೇಳ ತಂಡವೇ ಇಲ್ಲದೆ ನುಡಿಸುತ್ತಿತ್ತು. 1996ರಲ್ಲಿ ಕ್ಲೀವ್‌ಲ್ಯಾಂಡಿನಿಂದ ಹೊಸ ತಂಡ ಬಂದಾಗ ಜನ ಅದಕ್ಕೆ ಆರಿಸಿದ ಹೆಸರು ರೇವನ್ಸ್. ಅದು ಎಡ್ಗರ್ ಅಲನ್ ಪೋ ಬರೆದ ಕವಿತೆಯ ಕಾಗೆ. ಪೋ ಸತ್ತದ್ದು, ಮಣ್ಣಾದದ್ದು ಆ ಊರಿನಲ್ಲೇ. ಹೋದದ್ದು ಮರಳಿ ಬರುವುದಿಲ್ಲ ಎಂದು ಹೇಳುವ ಹಕ್ಕಿಯ ಹೆಸರನ್ನು, ತಂಡ ಕಳೆದುಕೊಂಡು ಹನ್ನೆರಡು ವರ್ಷ ಕಾದ ಊರು ತನ್ನ ಹೊಸ ತಂಡಕ್ಕೆ ಇಟ್ಟುಕೊಂಡದ್ದರಲ್ಲಿ ನನಗೆ ಈಗಲೂ ಏನೋ ಸೊಗಸು ಕಾಣುತ್ತದೆ.

ಆ ಊರಿನ ಅಭಿಮಾನಿಯನ್ನು ಚೆನ್ನಾಗಿ ಹಿಡಿದದ್ದು ಬ್ಯಾರಿ ಲೆವಿನ್ಸನ್ನನ 1982ರ ಸಿನಿಮಾ 'ಡೈನರ್'. ಅದರ ಕಾಲ 1959ರ ಕೊನೆ. ಎಡ್ಡಿ ಎಂಬ ಹುಡುಗ ತಾನು ಮದುವೆಯಾಗಲಿರುವ ಹುಡುಗಿಗೆ ಕೋಲ್ಟ್ಸ್ ತಂಡದ ಬಗ್ಗೆ ಪರೀಕ್ಷೆ ಇಡುತ್ತಾನೆ. ಪಾಸಾಗದಿದ್ದರೆ ಮದುವೆ ಇಲ್ಲ. ಅವಳು ಕೂದಲೆಳೆಯಲ್ಲಿ ಫೇಲಾಗುತ್ತಾಳೆ, ಮದುವೆ ಆದರೂ ಆಗುತ್ತದೆ. ಇದನ್ನು ತಮಾಷೆಯ ದೃಶ್ಯವೆಂದು ನೆನೆಯುವವರೇ ಹೆಚ್ಚು. ನನ್ನನ್ನು ಕಾಡುವುದು ಬೇರೆ: ಆ ಹುಡುಗಿಯ ಮುಖವನ್ನು ಸಿನಿಮಾ ತೋರಿಸುವುದೇ ಇಲ್ಲ. ಪ್ರಶ್ನೆಗಳು ಇವರದು, ಅಂಕ ಇವರದು, ಉತ್ತರಿಸುವವಳು ಬರೀ ದನಿ. ಕ್ವಾರ್ಟರ್‌ಬ್ಯಾಕ್ ಬಗ್ಗೆ ಅಭಿಮಾನಿಗಳು ನಡೆಸುವ ಚರ್ಚೆಯೂ ಹಲವು ಸಲ ಹೀಗೇ. ಪ್ರಶ್ನೆಪತ್ರಿಕೆಯನ್ನು 1958ರಲ್ಲೇ ಅಚ್ಚು ಹಾಕಿಸಿದ್ದಾಗಿದೆ. ಎದುರಿಗೆ ಕೂತವನ ಮುಖ ನೋಡುವ ಪದ್ಧತಿ ಇಲ್ಲ.

2018ರಲ್ಲಿ ಎದುರಿಗೆ ಕೂತವನು ಜಾಕ್ಸನ್. ಕಾಲೇಜು ಆಟಗಾರರಿಗೆ ಕೊಡುವ ದೊಡ್ಡ ಪ್ರಶಸ್ತಿ ಹೈಸ್‌ಮನ್ ಅನ್ನು 2016ರಲ್ಲೇ ಗೆದ್ದಿದ್ದ. ಆದರೂ ಬಿಲ್ ಪೋಲಿಯನ್ ಎಂಬ ಹಿರಿಯ ತಂಡ ನಿರ್ಮಾಪಕ ಅವನು ಕ್ವಾರ್ಟರ್‌ಬ್ಯಾಕ್ ಆಗುವುದು ಬಿಟ್ಟು ಚೆಂಡು ಹಿಡಿಯುವ ರಿಸೀವರ್ ಆಗಲಿ ಎಂದ. ಮುಂದಿನ ವರ್ಷ ಆ ಮಾತು ತಪ್ಪೆಂದು ಪೋಲಿಯನ್ ತಾನೇ ಒಪ್ಪಿಕೊಂಡ, ಅದು ಬೇರೆ ಮಾತು. ಆಯ್ಕೆಗೆ ಮುಂಚಿನ ಪರೀಕ್ಷೆಯಲ್ಲಿ ನಲವತ್ತು ಗಜದ ಓಟವನ್ನು ಜಾಕ್ಸನ್ ಓಡಲೇ ಇಲ್ಲ. ಓಡುವುದರಲ್ಲಿ ಅವನಷ್ಟು ಚುರುಕಾದವರು ಕಡಿಮೆ. ಆದರೆ ಆ ಸಮಯವನ್ನು ದಾಖಲಿಸಿದರೆ ಅದೇ ಅವನ ವಿರುದ್ಧದ ಸಾಕ್ಷಿಯಾಗುತ್ತಿತ್ತು. ತನ್ನ ಅತ್ಯುತ್ತಮ ಗುಣವನ್ನು ಅಡಗಿಸಿಟ್ಟರೆ ಮಾತ್ರ ಬಯಸಿದ ಕೆಲಸ ಸಿಕ್ಕೀತು ಎಂಬಂಥ ಸ್ಥಿತಿ ಅದು. ಆ ವರ್ಷ ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಜಾಕ್ಸನ್‌ಗೆ ಸಿಕ್ಕಿದ್ದು ಆ ಸುತ್ತಿನ ಕೊನೆಯ ಸ್ಥಾನ, 32. ಪಾಕೆಟ್ಟಿನಲ್ಲಿ ನಿಂತು ಎಸೆಯುವುದರಲ್ಲಿ ಎಲ್ಲರಿಗಿಂತ ತಯಾರಾದವನೆಂದು ಹೊಗಳಿಸಿಕೊಂಡ ಜೋಶ್ ರೋಸನ್ ಹತ್ತನೆಯವನಾಗಿ ಅರಿಜೋನಾಗೆ ಹೋದ. ಒಂದೇ ವರ್ಷದಲ್ಲಿ ಅವರು ಅವನನ್ನು ಮಯಾಮಿಗೆ ದಾಟಿಸಿದರು. ಜಾಕ್ಸನ್ ತನ್ನ ಎರಡನೆಯ ವರ್ಷದಲ್ಲಿ 36 ಟಚ್‌ಡೌನ್‌ಗಳನ್ನು ಎಸೆದು, 1,206 ಗಜ ಓಡಿ, ಎಲ್ಲ ಮತಗಳನ್ನೂ ಪಡೆದು ವರ್ಷದ ಶ್ರೇಷ್ಠ ಆಟಗಾರನಾದ.

ರಿಸೀವರ್ ಆಗಪ್ಪ ಎಂಬ ಸಲಹೆಗೆ ಒಂದು ಹಿನ್ನೆಲೆ ಇದೆ. 1968ರಲ್ಲಿ ಡೆನ್ವರ್ ತಂಡದಲ್ಲಿ ಮಾರ್ಲಿನ್ ಬ್ರಿಸ್ಕೋ ಎಂಬ ಕಪ್ಪು ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿ 14 ಟಚ್‌ಡೌನ್ ಎಸೆದ. ಮರುವರ್ಷ ಆ ಜಾಗ ಅವನಿಗಿರಲಿಲ್ಲ. ಬಫಲೋಗೆ ಹೋಗಿ ರಿಸೀವರ್ ಆದ. 1978ರಲ್ಲಿ ವಾರೆನ್ ಮೂನ್‌ನನ್ನು ಯಾವ ತಂಡವೂ ಆಯ್ಕೆ ಮಾಡಲಿಲ್ಲ. ಅವನು ಕೆನಡಾಗೆ ಹೋಗಿ ಎಡ್ಮಂಟನ್ ತಂಡದಲ್ಲಿ ಸಾಲಾಗಿ ಐದು ಕಪ್ ಗೆದ್ದು 1984ರಲ್ಲಿ ವಾಪಸು ಬಂದ. ಓದುವ ಕೆಲಸ ಬಿಳಿಯರದು, ಓಡುವ ಕೆಲಸ ಕರಿಯರದು ಎಂದು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡುವ ಅಗತ್ಯವೇ ಇರಲಿಲ್ಲ, ವಿಶೇಷಣಗಳೇ ಆ ಕೆಲಸ ಮಾಡುತ್ತಿದ್ದವು. 1988ರ ಜನವರಿಯಲ್ಲಿ ಡಗ್ ವಿಲಿಯಮ್ಸ್ ವಾಷಿಂಗ್ಟನ್ ಪರವಾಗಿ ಸೂಪರ್ ಬೌಲ್‌ನ ಒಂದೇ ಕ್ವಾರ್ಟರಿನಲ್ಲಿ ನಾಲ್ಕು ಟಚ್‌ಡೌನ್ ಎಸೆದು ಗೆದ್ದ. ಅದಾಗಿ ಎರಡೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಕಪ್ಪು ಆಟಗಾರರಾಗಿದ್ದ ಸೂಪರ್ ಬೌಲ್ ನೋಡಲು 2023 ಬರಬೇಕಾಯಿತು.

ನನ್ನ ತಕರಾರು ನೀತಿಯದಷ್ಟೇ ಅಲ್ಲ, ಓದಿನದೂ ಹೌದು. ಈ ಅಭಿಮಾನಿ ವಿಮರ್ಶಕರು ಕೃತಿಯನ್ನೇ ತಪ್ಪು ಓದುತ್ತಿದ್ದಾರೆ. ಜಾಕ್ಸನ್ 2019ರಲ್ಲಿ ಬೆಳಗಿದ ಆಟದ ತಿರುಳು ರೀಡ್ ಆಪ್ಷನ್. ಅದರಲ್ಲಿ ಎದುರು ಪಾಳಯದ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದ ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು, ಆ ಒಬ್ಬನ ಭುಜ ಯಾವ ಕಡೆ ತಿರುಗಿತೆಂದು ನೋಡುತ್ತಾನೆ. ಅವನು ಒಳಗೆ ನುಗ್ಗಿದರೆ ಚೆಂಡು ಕಿತ್ತುಕೊಂಡು ತಾನು ಹೊರಗೆ ಓಡಬೇಕು. ಹೊರಗೇ ನಿಂತರೆ ಚೆಂಡು ಕೊಟ್ಟುಬಿಡಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ. ಆ ಆಟದ ಹೆಸರಿನಲ್ಲೇ ಓದು ಇದೆ! ಟಿವಿಯಲ್ಲಿ ನಮಗೆ ಕಾಣುವುದು ಆಮೇಲಿನ ಓಟ ಮಾತ್ರ. ಓದು ಮುಗಿದ ಮೇಲಿನದ್ದನ್ನಷ್ಟೇ ನೋಡಿ ಇವನು ಓದುವುದಿಲ್ಲ ಎನ್ನುವುದು ಎಂಥ ವಿಮರ್ಶೆ?

ಪಾಕೆಟ್ಟಿನ ಬುದ್ಧಿವಂತಿಕೆಯ ಕತೆಯೂ ಅಷ್ಟು ಸರಳವಲ್ಲ. ಯುನೈಟಸ್ ಕಾಲದಲ್ಲಿ ಮುಂದಿನ ಆಟ ಯಾವುದೆಂದು ಮೈದಾನದಲ್ಲಿ ನಿಂತು ತೀರ್ಮಾನಿಸುತ್ತಿದ್ದವನು ಬಹುಪಾಲು ಅವನೇ. 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನಲ್ಲಿ ರೇಡಿಯೋ ಇದೆ. ಕೋಚ್ ಕಿವಿಯಲ್ಲಿ ಆಟವನ್ನು ಹೇಳಿಕೊಡುತ್ತಾನೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ಕಡಿತವಾಗುತ್ತದೆ. ಯಕ್ಷಗಾನ ನೋಡುವವರಿಗೆ ಇದು ಬೇಗ ತಿಳಿಯುತ್ತದೆ. ಪದ್ಯ ಭಾಗವತರದು, ಪದ್ಯ ನಿಂತ ಮೇಲಿನ ಅರ್ಥ ವೇಷಧಾರಿಯದು. ಪದ್ಯವನ್ನು ಮೀರದೆ, ಪದ್ಯದಲ್ಲಿಲ್ಲದ್ದನ್ನು ಆ ಕ್ಷಣಕ್ಕೆ ಹುಟ್ಟಿಸುವವನನ್ನು ನಾವು ದೊಡ್ಡ ಅರ್ಥಧಾರಿ ಎನ್ನುತ್ತೇವೆ. ಬುದ್ಧಿ ಕಡಿಮೆ, ನಾಲಿಗೆಯ ಚುರುಕು ಅಷ್ಟೇ ಎನ್ನುವುದಿಲ್ಲ. ಪಾಕೆಟ್ ಕುಸಿದ ಮೇಲೆ ಜಾಕ್ಸನ್ ಮಾಡುವುದು ಅರ್ಥಗಾರಿಕೆ.

ಇಂಥ ಹೊಗಳಿಕೆಯ ರುಚಿ ನಮ್ಮವರಿಗೂ ಗೊತ್ತು. ರಣಜಿತ್‌ಸಿಂಹಜಿಯ ಬ್ಯಾಟಿಂಗನ್ನು ಇಂಗ್ಲಿಷ್ ಬರಹಗಾರರು ಪೂರ್ವದೇಶದ ಮಾಯೆ, ಇಂದ್ರಜಾಲ ಎಂದೆಲ್ಲ ಕೊಂಡಾಡಿದರು. ಅದೇ ಮಾಯಾವಿಯ ಹೆಸರಿನಲ್ಲಿ 1897ರಲ್ಲಿ ಬಂದ ಕ್ರಿಕೆಟ್ ಪುಸ್ತಕ ಕಾಲು ಎಲ್ಲಿಡಬೇಕು, ಮೊಣಕೈ ಹೇಗಿರಬೇಕು ಎಂದು ಪುಟಗಟ್ಟಲೆ ವಿವರಿಸುತ್ತದೆ. ಮಾಯಾವಿಗೆ ಕೈಪಿಡಿ ಯಾಕೆ?

ಎದುರು ಪಕ್ಷದವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ರೇವನ್ಸ್ ಗೆದ್ದ ಎರಡೂ ಸೂಪರ್ ಬೌಲ್‌ಗಳಲ್ಲಿ ಆಡಿದ್ದು ಪಾಕೆಟ್ಟಿನವರು. ಟ್ರೆಂಟ್ ಡಿಲ್ಫರ್ ಇದ್ದಾಗ ಗೆದ್ದದ್ದು ರಕ್ಷಣಾ ಪಡೆಯ ಬಲದಿಂದ. ಗೆದ್ದ ಮೇಲೆ ತಂಡವೇ ಅವನನ್ನು ಬಿಟ್ಟುಬಿಟ್ಟಿತು. ಜೋ ಫ್ಲಾಕೋ ಮಾತ್ರ 2013ರಲ್ಲಿ ಮುಗಿದ ಆ ಅಭಿಯಾನದ ನಾಕೌಟ್ ಪಂದ್ಯಗಳಲ್ಲಿ 11 ಟಚ್‌ಡೌನ್ ಎಸೆದು ಒಂದೂ ಚೆಂಡನ್ನು ಎದುರಾಳಿ ಕೈಗೆ ಕೊಡಲಿಲ್ಲ. ಜಾಕ್ಸನ್‌ನ ನಾಕೌಟ್ ಲೆಕ್ಕ 2025ರ ಜನವರಿ ಮುಗಿದಾಗ ಮೂರು ಗೆಲುವು, ಐದು ಸೋಲು. 2019ರ ಋತುವಿನಲ್ಲಿ 14 ಪಂದ್ಯ ಗೆದ್ದ ತಂಡ ನಾಕೌಟಿನಲ್ಲಿ ಟೆನ್ನೆಸಿ ಎದುರು 28–12ರಿಂದ ಮಗುಚಿಕೊಂಡಿತು. ಇದನ್ನು ಎತ್ತಿ ಹೇಳುವವರನ್ನು ದುರುದ್ದೇಶದವರೆಂದು ತಳ್ಳಿಹಾಕಲಾರೆ. ಆದರೆ "ಓಡುವವನು ಬಾಳಿಕೆ ಬರುವುದಿಲ್ಲ, ಕಾಲು ಮುರಿದುಕೊಳ್ಳುತ್ತಾನೆ" ಎಂಬ ಮಾತನ್ನು ಒಪ್ಪಲಾರೆ. 2022ರ ಡಿಸೆಂಬರಿನಲ್ಲಿ ಡೆನ್ವರ್ ವಿರುದ್ಧ ಅವನ ಮಂಡಿ ಪೆಟ್ಟಾದದ್ದು ಎಸೆಯಲೆಂದು ಹಿಂದೆ ಸರಿದವನನ್ನು ಎದುರಾಳಿ ಕೆಡವಿದಾಗ, ಓಟದಲ್ಲಲ್ಲ.

ಇನ್ನೊಂದು ಹೋಲಿಕೆಯನ್ನು ಈ ವಿಮರ್ಶಕರು ಮಾಡುವುದೇ ಇಲ್ಲ. 2018ರ ಅದೇ ಆಯ್ಕೆಯಲ್ಲಿ ಏಳನೆಯವನಾಗಿ ಬಫಲೋಗೆ ಹೋದವನು ಜೋಶ್ ಆಲನ್. ಕಾಲೇಜಿನಲ್ಲಿ ಅವನ ಎಸೆತಗಳ ಗುರಿ ಬಗ್ಗೆ ಎಲ್ಲರಿಗೂ ಅನುಮಾನವಿತ್ತು, ಆದರೆ ರಿಸೀವರ್ ಆಗಪ್ಪ ಎಂಬ ಮಾತು ಅವನ ಸುತ್ತ ಎದ್ದದ್ದು ನಾನು ಕೇಳಿಲ್ಲ. ಆಲನ್ ಕೂಡ ಓಡುತ್ತಾನೆ, 2024ರಲ್ಲಿ ಓಡಿಯೇ 12 ಟಚ್‌ಡೌನ್ ಗಳಿಸಿದ. ನಾನು ಕೇಳಿದ ಹರಟೆಗಳಲ್ಲಿ ಅವನ ಓಟಕ್ಕೆ ಸಿಗುತ್ತಿದ್ದ ಪದಗಳು ಗಟ್ಟಿತನ, ಎದೆಗಾರಿಕೆ, ಗೆಲ್ಲುವ ಹಟ. ಅವನು ಬಿಳಿಯ.

ಆ ಇಬ್ಬರೂ ಎದುರುಬದುರಾದದ್ದು 2025ರ ಜನವರಿಯಲ್ಲಿ, ಬಫಲೋದ ಚಳಿಯಲ್ಲಿ. ಜಾಕ್ಸನ್‌ಗೆ ಅದು 41 ಟಚ್‌ಡೌನ್ ಎಸೆದು ನಾಲ್ಕೇ ಚೆಂಡು ಎದುರಾಳಿಗೆ ಕೊಟ್ಟ ಋತು. ಅಂದು ಮೊದಲರ್ಧದಲ್ಲಿ ಎರಡು ಸಲ ಚೆಂಡು ಕಳೆದುಕೊಂಡ, ಬೈಸಿಕೊಳ್ಳಬೇಕಾದ್ದೇ. ಆಟ ಮುಗಿಯಲು ಒಂದೂವರೆ ನಿಮಿಷ ಇದ್ದಾಗ ಟಚ್‌ಡೌನ್ ಎಸೆದು 27–25ಕ್ಕೆ ತಂದ. ಸಮ ಮಾಡಲು ಎರಡು ಅಂಕದ ಒಂದು ಅವಕಾಶ ಇತ್ತು. ಅವನು ಎಸೆದ, ಚೆಂಡು ಮಾರ್ಕ್ ಆಂಡ್ರ್ಯೂಸ್ ಕೈಗೆ ಹೋಯಿತು, ಅವನ ಕೈಯಿಂದ ಜಾರಿತು. ಮರುದಿನ ಒಬ್ಬ ಗೆಳೆಯನಿಗೆ ಫೋನ್ ಮಾಡಿದ್ದೆ, ಯುನೈಟಸ್ ಆಡುವುದನ್ನು ಚಿಕ್ಕವನಿದ್ದಾಗ ನೋಡಿದವನು, ಏಳು ವರ್ಷದಿಂದ ಜಾಕ್ಸನ್ ಬಗ್ಗೆ ನನ್ನೊಡನೆ ವಾದ ಮಾಡಿದವನು. ಬಹಳ ಹೊತ್ತು ಆಂಡ್ರ್ಯೂಸ್‌ನ ಕೈಗಳ ಬಗ್ಗೆ ಬೈದ. ಆಮೇಲೆ, "ಆ ಎಸೆತ ಮಾತ್ರ ಸರಿಯಾದ ಜಾಗಕ್ಕೆ ಹೋಗಿತ್ತು ಕಣಯ್ಯಾ, ಅದನ್ನು ಮೊದಲೇ ನೋಡಿಟ್ಟುಕೊಂಡಿದ್ದ ಅವನು" ಎಂದ.