ಮುಕ್ತ ವೇದಿಕೆಯ ಅಶರೀರವಾಣಿ

ಬಾನುಲಿಯನ್ನು ವರ್ತಕನ ಕೈಯಿಂದ ಬಿಡಿಸಿದರೆ ಅದು ತಾನಾಗಿ ಶುದ್ಧವಾಗುವುದೆಂಬ ನಂಬಿಕೆ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಇದನ್ನು ಒರೆಗೆ ಹಚ್ಚಲು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕ್ರೈಸ್ತ ನಿಲಯಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. 1958ರಲ್ಲಿ ಸ್ಥಾಪಿತವಾದ ಫ್ಯಾಮಿಲಿ ರೇಡಿಯೋ ಸಂಸ್ಥೆಯು 1959ರಲ್ಲಿ ಕೆ.ಇ.ಎ.ಆರ್. ಎಂಬ ಸಂಕೇತನಾಮದ ಈ ನಿಲಯವನ್ನು ನಡೆಸತೊಡಗಿತು. ಆ ದೇಶದಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಅಲೆಗಳು ಅವಾಣಿಜ್ಯ ಪ್ರಸಾರಕ್ಕೆಂದೇ ಮೀಸಲು. ಈ ನಿಲಯವಾದರೋ 97.3ರಲ್ಲಿ, ಎಂದರೆ ವರ್ತಕರ ಬೀದಿಯಲ್ಲಿಯೇ ಮನೆ ಮಾಡಿ, ಜಾಹೀರಾತುಗಳನ್ನು ಮಾರದೆ, ಶ್ರೋತೃಗಳ ಕಾಣಿಕೆಯಿಂದ ಬದುಕಿತು. ಅದು ಶಾಸನದ ಕಟ್ಟಳೆಯಲ್ಲ, ತಾನೇ ತೊಟ್ಟ ವ್ರತ.

ಸ್ತೋತ್ರಗೀತ, ಬೈಬಲ್ ಪಠಣ, ನಡುವೆ ಅವಸರವಿಲ್ಲದ ಮಾತು, ಇವೇ ಅದರ ಕಾರ್ಯಕ್ರಮಗಳು. ಈ ಸರಳತೆಯಿಂದಲೇ ಅದು ಜನರ ವಿಶ್ವಾಸವನ್ನು ಗಳಿಸಿತು. ಆದರೆ ವಿಮರ್ಶಕನು ಗಮನಿಸಬೇಕಾದುದು 1961ರಿಂದ 2011ರವರೆಗೆ ನಡೆದ ‘ಓಪನ್ ಫೋರಂ’ ಎಂಬ ಸಂವಾದವನ್ನು. ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಹೆರಾಲ್ಡ್ ಕ್ಯಾಂಪಿಂಗ್ ದೂರವಾಣಿಯಲ್ಲಿ ಬಂದ ಪ್ರಶ್ನೆಗಳಿಗೆ ಬೈಬಲನ್ನು ಮುಂದಿಟ್ಟುಕೊಂಡು ಉತ್ತರಿಸುತ್ತಿದ್ದನು. ಆತನು ಪಾದ್ರಿಯಲ್ಲ, ಸಿವಿಲ್ ಇಂಜಿನಿಯರಿಂಗ್ ಪದವೀಧರ. ಧ್ವನಿ ಗಂಭೀರ, ಮಂದಗತಿಯದು. ಹೆಸರಿಗೆ ವೇದಿಕೆ ಮುಕ್ತವೇ; ಯಾರು ಬೇಕಾದರೂ ಕೇಳಬಹುದಿತ್ತು. ಆದರೆ ಪ್ರಶ್ನೆ ಯಾವುದೇ ಇರಲಿ, ಕೊನೆಯ ಮಾತು ಆತನದೇ. ಆಮೇಲೆ ಸೌಜನ್ಯದ ಒಂದು ವಂದನೆ, ಮುಂದಿನ ಕರೆ. ವಾದವೆಂಬುದಕ್ಕೆ ಎರಡು ಸಮಾನ ಕಂಠಗಳು ಬೇಕು. ಇಲ್ಲಿದ್ದುದು ಒಂದು ಕಂಠ ಮತ್ತು ಸರದಿಯಲ್ಲಿ ನಿಂತ ಅನೇಕರು. ನಮ್ಮ ಪುರಾಣದ ಕಂಸನೂ ಅಶರೀರವಾಣಿಯನ್ನು ಕೇಳಿ ಕತ್ತಿ ಹಿರಿದನೇ ಹೊರತು ವಾಣಿಯನ್ನು ವಿಚಾರಿಸಲಿಲ್ಲ!

ಈ ಶತಮಾನದ ಆರಂಭದ ವರ್ಷಗಳಲ್ಲಿ ಆತನು ಚರ್ಚುಗಳ ಕಾಲ ಮುಗಿಯಿತೆಂದೂ, ಭಕ್ತರು ಅವುಗಳಿಂದ ಹೊರಬರಬೇಕೆಂದೂ ಬೋಧಿಸಿದನು. ಅನಂತರದ ಭವಿಷ್ಯವಾಣಿಗಿಂತ ಇದೇ ಹೆಚ್ಚು ಅನರ್ಥಕಾರಿಯಾದುದು. ಬೋಧನೆಯನ್ನು ಊರಿನ ಪಾದ್ರಿಯೊಡನೆ, ನೆರೆಯ ಭಕ್ತರೊಡನೆ ತೂಗಿನೋಡುವ ಅವಕಾಶ ಅಲ್ಲಿಗೆ ತಪ್ಪಿತು. ಮನೆಯಲ್ಲಿ ಉಳಿದುದು ಪೆಟ್ಟಿಗೆಯ ಧ್ವನಿಯೊಂದೇ.

1994ರ ವಿಷಯವಾಗಿ ಆತನು ಹೇಳಿದ್ದ ಭವಿಷ್ಯ ಹುಸಿಯಾಗಿತ್ತು. ಆ ಬಳಿಕದ ಗಣಿತ ಹೀಗಿದೆ: ಜಲಪ್ರಳಯ ಕ್ರಿ.ಪೂ. 4990ರಲ್ಲಿ ಆಯಿತು, ನೋಹನಿಗೆ ದೊರೆತ ಗಡುವು ಏಳು ದಿನ, ದೇವರಿಗೆ ಒಂದು ದಿನವೆಂದರೆ ಸಾವಿರ ವರ್ಷ, ಸೊನ್ನೆಯ ವರ್ಷವಿಲ್ಲವಾದುದರಿಂದ 7000 ವರ್ಷ ತುಂಬುವುದು 2011ಕ್ಕೆ. ಕೂಡಿಕೆಯಲ್ಲಿ ದೋಷವಿಲ್ಲ. ಆರಂಭದ ಶಿಲ್ಕೇ ಕಲ್ಪಿತ. ಲೆಕ್ಕದ ಪುಸ್ತಕ ಬಲ್ಲವರಿಗೆ ಈ ಬಗೆಯ ತಪ್ಪು ಹೊಸದಲ್ಲ. ಪುಟಪುಟವೂ ತಾಳೆಯಾಗುತ್ತದೆ, ಮೊದಲ ಸಾಲನ್ನು ಮಾತ್ರ ಯಾರೂ ಪರೀಕ್ಷಿಸಿರುವುದಿಲ್ಲ.

2011ರ ಮೇ 21ರಂದು ಅಂತಿಮ ತೀರ್ಪಿನ ದಿನವೆಂದು ಸಾರುವ ಫಲಕಗಳು ಅಮೆರಿಕದ ಹೆದ್ದಾರಿಗಳಲ್ಲಿಯೂ ಹೊರದೇಶಗಳಲ್ಲಿಯೂ ಎದ್ದವು. ಜಾಹೀರಾತನ್ನು ಮಾರದ ಸಂಸ್ಥೆ ಈಗ ಜಾಹೀರಾತನ್ನು ಕೊಳ್ಳುವ ಗಿರಾಕಿಯಾಯಿತು. ತಮ್ಮ ಜೀವಮಾನದ ಉಳಿತಾಯವನ್ನೇ ಈ ಪ್ರಚಾರಕ್ಕೆ ಸುರಿದ ಶ್ರೋತೃಗಳಿದ್ದರು. ದಿನ ಬಂದಿತು, ಹೋಯಿತು. ಎರಡು ದಿನಗಳ ತರುವಾಯ ಕ್ಯಾಂಪಿಂಗ್ ಅದೇ ವೇದಿಕೆಯಿಂದ, ತೀರ್ಪು ಆಧ್ಯಾತ್ಮಿಕವಾಗಿ ಸಂಭವಿಸಿದೆ, ಲೋಕಾಂತ್ಯ ಅಕ್ಟೋಬರ್ 21ಕ್ಕೆ ಎಂದನು. ಕಾಣಿಕೆಗಳನ್ನು ಹಿಂದಿರುಗಿಸುವ ಮಾತನ್ನು ಒಪ್ಪಲಿಲ್ಲ.

ಆತನನ್ನು ವಂಚಕನೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮಾತಿನಲ್ಲಿದ್ದ ಬಲ ವಂಚನೆಯದಲ್ಲ, ದೃಢನಿಶ್ಚಯದ್ದು. ವರ್ತಕನ ನಿಲಯಕ್ಕೆ ವರ್ತಕನಾದರೂ ಅಂಕುಶ. ಸರ್ಕಾರಿ ನಿಲಯಕ್ಕೆ ಶಾಸನಸಭೆಯ ಪ್ರಶ್ನೆಯ ಭಯವುಂಟು. ನಂಬಿದವರ ಕಾಣಿಕೆಯಿಂದ ನಡೆವ ಧ್ವನಿಗೆ, ನಂಬದವನು ದೂರ ಸರಿದುಬಿಡುವುದರಿಂದ, ಇಲ್ಲವೆನ್ನುವವರೇ ಉಳಿಯುವುದಿಲ್ಲ. ಸದಸ್ಯರ ವಂತಿಗೆಯಿಂದ ನಡೆಯುವ ಹೊರನಾಡಿನ ಸಂಘಗಳೂ ಯೋಚಿಸಬೇಕಾದ ವಿಷಯವಿದು.

2012ರ ಮಾರ್ಚಿನಲ್ಲಿ ಕ್ಯಾಂಪಿಂಗ್ ತನ್ನ ದಿನನಿರ್ಣಯ ಪಾಪವಾಗಿತ್ತೆಂದು ಒಪ್ಪಿಕೊಂಡನು; ಆ ಒಪ್ಪಿಗೆ ಬಂದುದು ಪತ್ರದ ಮೂಲಕ. ಕರೆಗಳಿಗೆ ಉತ್ತರಿಸುವ ವೇದಿಕೆ ಆ ವೇಳೆಗೆ ಮುಗಿದಿತ್ತು. ನ್ಯೂಯಾರ್ಕ್ ಮಹಾನಗರಕ್ಕೆ ಕೇಳಿಸುತ್ತಿದ್ದ ಸಂಸ್ಥೆಯ 94.7ರ ನಿಲಯ 2013ರಲ್ಲಿ ಒಂದು ವಾಣಿಜ್ಯ ಪ್ರಸಾರ ಸಂಸ್ಥೆಯ ವಶವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆತನು ತೀರಿಕೊಂಡನು. ಧ್ವನಿಮುದ್ರಣದ ಬೋಧನೆಗಳು ಮಾತ್ರ ಇನ್ನೂ ಕೆಲವು ವರ್ಷ ಬಿತ್ತರವಾದವು. 2018ರಲ್ಲಿ ಸಂಸ್ಥೆಯೇ ಅವನ್ನು ನಿಲ್ಲಿಸಿತು.