ಧಣಿಯ ದಾನ, ದುಡಿದವನ ಕೂಲಿ

ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಹೋದವರೆಲ್ಲರೂ ಮದನಿಕೆಯರ ಮುಖವನ್ನು ಕತ್ತೆತ್ತಿ ನೋಡುತ್ತಾರೆ. ಅವರ ಪಾದಪೀಠದ ಅಕ್ಷರಗಳನ್ನು ಗಮನಿಸುವವರು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಚಿಕ್ಕಹಂಪ, ಮಲ್ಲೋಜ ಮುಂತಾದ ರೂವಾರಿಗಳ ಹೆಸರುಗಳು ಅಲ್ಲಿ ದೊರೆಯುತ್ತವೆ. ಕೆಲವರು ತಮ್ಮ ಊರನ್ನು, ತಂದೆಯ ಹೆಸರನ್ನು, ಎದುರಾಳಿ ಶಿಲ್ಪಿಗಳನ್ನು ಮೀರಿಸಿದೆವೆಂಬ ಬಿರುದನ್ನೂ ಬರೆಸಿಕೊಂಡಿದ್ದಾರೆ. 1117ರಲ್ಲಿ ಈ ದೇಗುಲವನ್ನು ಪ್ರತಿಷ್ಠಾಪಿಸಿದವನು ಹೊಯ್ಸಳ ದೊರೆ ವಿಷ್ಣುವರ್ಧನ. ಅವನ ಹೆಸರು ಶಾಸನದಲ್ಲಿ ಉಳಿದಿರುವುದು ಸಹಜ. ಉಳಿ ಹಿಡಿದವನ ಹೆಸರೂ ಅದೇ ಕಟ್ಟಡದಲ್ಲಿ ಒಂಬತ್ತು ಶತಮಾನಗಳಿಂದ ಉಳಿದುಬಂದಿರುವುದು ಮಾತ್ರ ಜಗತ್ತಿನ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಅಪರೂಪದ ಸಂಗತಿ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮರುತಿಂಗಳೇ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು, ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಅಧ್ಯಕ್ಷರು ಆ ಲೆಕ್ಕವನ್ನು 90 ಗಂಟೆಗೆ ಏರಿಸಿದರು. ನಾಡಿನಲ್ಲಿ ದೊಡ್ಡ ಜಗಳವೇ ಎದ್ದಿತು. ಒಂದು ಪಕ್ಷದವರು, "ಸಿರಿವಂತರೆಲ್ಲ ಬಡವರ ರಕ್ತ ಹೀರುವವರು" ಎಂದರು. ಇನ್ನೊಂದು ಪಕ್ಷದವರು, "ದುಡಿದು ಮೇಲೆ ಬಂದವರನ್ನು ಕಂಡರೆ ಸೋಮಾರಿಗಳಿಗೆ ಹೊಟ್ಟೆಕಿಚ್ಚು" ಎಂದರು. ಎರಡೂ ಮಾತುಗಳು ಕೇಳಲು ಸುಲಭ. ವಿಚಾರಕ್ಕೆ ಮಾತ್ರ ಸಾಲವು. ಒಡೆಯನ ಸಂಪತ್ತಿನ ನೈತಿಕತೆಯನ್ನೂ ಆಳಿನ ಸಿಟ್ಟಿನ ನೈತಿಕತೆಯನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಿ ನೋಡಬೇಕಾಗಿದೆ.

ಕಲ್ಲು ಹೇಳುವುದು, ಕಲ್ಲು ಮರೆಸುವುದು

ನಮ್ಮ ಜಿಲ್ಲೆಯ ದೇಗುಲಗಳನ್ನು ಕೇವಲ ಅರಸರ ಕೊಡುಗೆಯೆಂದು ಭಾವಿಸುವುದು ತಪ್ಪು. 1121ರ ಸುಮಾರಿಗೆ ಹಳೇಬೀಡಿನಲ್ಲಿ ತಲೆಯೆತ್ತಿದ ಹೊಯ್ಸಳೇಶ್ವರಕ್ಕೆ ದೊರೆಯ ಹೆಸರಿದ್ದರೂ ಅದನ್ನು ಕಟ್ಟಿಸಿದವನು ಅವನ ಅಧಿಕಾರಿಯಾದ ಕೇತಮಲ್ಲ. ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು 1220ರ ಸುಮಾರಿನಲ್ಲಿ ಕಟ್ಟಿಸಿದವನು ರೇಚರಸನೆಂಬ ಮಂತ್ರಿ. ಇವರ ಹಿಂದೆ ವರ್ತಕರ ಬಲವಿತ್ತು. ಅಯ್ಯಾವೊಳೆಯ ಐನೂರ್ವರಂಥ ವಣಿಕ ಸಂಘಗಳು ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸುತ್ತಿದ್ದವು, ದಾನದತ್ತಿಗಳನ್ನು ಬಿಡುತ್ತಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅವು ಆ ಕಾಲದ ಕಂಪನಿಗಳು.

ಈ ಸಿರಿಯಿಂದ ಸೌಂದರ್ಯ ಹುಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಹಣ ತನ್ನಷ್ಟಕ್ಕೆ ತಾನೇ ಕೆಟ್ಟದ್ದಲ್ಲ ಎಂಬುದಕ್ಕೆ ಹಳೇಬೀಡಿನ ಗೋಡೆಗಳೇ ಸಾಕ್ಷಿ. ಆದರೆ ವಿಮರ್ಶೆಯ ಕಣ್ಣು ಇಷ್ಟಕ್ಕೇ ತೃಪ್ತಿಪಡಬಾರದು. ಬೇಲೂರಿನ ದೇಗುಲ ತಲಕಾಡಿನಲ್ಲಿ ಚೋಳರ ಮೇಲೆ ಪಡೆದ ಜಯದ ಬೆನ್ನಿಗೇ ಎದ್ದುನಿಂತದ್ದು; ಯುದ್ಧದ ಸಂಪತ್ತಿಗೆ ಬೆಲೆ ತೆತ್ತವರು ಬೇರೆಯೇ ಇದ್ದರು. ದೇಗುಲಕ್ಕೆ ದತ್ತಿ ಬಿಟ್ಟ ಹಳ್ಳಿಗಳಲ್ಲಿ ಬೆವರು ಸುರಿಸಿದ ಒಕ್ಕಲುಗಳಿದ್ದರು. ಕಲ್ಲನ್ನು ನೆಲದಿಂದ ಕಿತ್ತವನ, ಬಂಡಿಯಲ್ಲಿ ಹೊತ್ತು ತಂದವನ, ಸಾರೋಟಿನ ಮೇಲೆ ಬುಟ್ಟಿ ಹೊತ್ತು ಹತ್ತಿದವಳ ಹೆಸರು ಯಾವ ಪಾದಪೀಠದಲ್ಲಿಯೂ ಇಲ್ಲ. ಹೊಯ್ಸಳರ ಕಲ್ಲು ದುಡಿಮೆಯನ್ನು ಗೌರವಿಸಿದ್ದು ನಿಜ, ಪೂರ್ತಿಯಾಗಿ ಗೌರವಿಸಲಿಲ್ಲವೆಂಬುದೂ ಅಷ್ಟೇ ನಿಜ. ಆದರೂ ಅದು ಒಂದು ಅಳತೆಗೋಲನ್ನು ನಮ್ಮ ಕೈಗಿತ್ತಿದೆ: ಯಾವುದೇ ಸಂಪತ್ತಿನ ಮುಂದೆ ನಿಂತಾಗ, ಇಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂದು ಕೇಳಬಹುದು.

ಹೊಟ್ಟೆಕಿಚ್ಚು ಬೇರೆ, ನ್ಯಾಯದ ಕೋಪ ಬೇರೆ

ಸಿರಿವಂತರ ಮೇಲಿನ ಸಿಟ್ಟೆಲ್ಲ ಒಂದೇ ಬಗೆಯದಲ್ಲ. ನೆರೆಯವನ ಕಾರನ್ನು ಕಂಡು ಅದು ಕೆಟ್ಟು ನಿಲ್ಲಲಿ ಎಂದು ಬಯಸುವುದು ಅಸೂಯೆ. ಅದು ಸಪ್ತ ಮೂಲ ಪಾಪಗಳಲ್ಲಿ ಒಂದು. ಬಡವನ ಎದೆಯಲ್ಲಿದೆ ಎಂಬ ಕಾರಣಕ್ಕೆ ಅದು ಪುಣ್ಯವಾಗುವುದಿಲ್ಲ. ತನಗೆ ಸಲ್ಲಬೇಕಾದದ್ದು ಸಲ್ಲದಿದ್ದಾಗ ಏಳುವ ಕೋಪವಾದರೋ ಬೇರೆ. ಅದರ ಬೇರು ನ್ಯಾಯದಲ್ಲಿದೆ. ಕಂಪನಿ ಮಾಲೀಕರು ಮಾಡುವ ದೊಡ್ಡ ತಪ್ಪೆಂದರೆ, ಎರಡನೆಯದನ್ನೂ ಮೊದಲನೆಯದರ ಹೆಸರಿನಿಂದಲೇ ಕರೆದು ತಳ್ಳಿಹಾಕುವುದು.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ನೂರಾರು ಕೋಟಿ ನಷ್ಟವೆಂಬ ಸುದ್ದಿ ಹಬ್ಬಿತು. ಮೊದಲಿಗೆ 437 ಕೋಟಿ ರೂಪಾಯಿಯೆಂದಿದ್ದ ಅಂದಾಜನ್ನು ಕಂಪನಿಯೇ ಆಮೇಲೆ 26ರಿಂದ 52 ಕೋಟಿಗೆ ಇಳಿಸಿತು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಒಂದು ವಾರ ಕಳೆಯುವಷ್ಟರಲ್ಲಿ, ಕೆಲವು ಕಾರ್ಮಿಕರಿಗೆ ಸರಿಯಾಗಿ ಇಲ್ಲವೇ ಸಕಾಲಕ್ಕೆ ವೇತನ ಸಂದಿರಲಿಲ್ಲವೆಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವಿಭಾಗದ ಹಿರಿಯ ಅಧಿಕಾರಿಯೊಬ್ಬರನ್ನು ಹುದ್ದೆಯಿಂದ ತೆಗೆಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಗುತ್ತಿಗೆಯವರು. ಅವರ ಹಾಜರಿ ಒಬ್ಬರ ಬಳಿ, ಸಂಬಳ ಇನ್ನೊಬ್ಬರ ಬಳಿ. ದೂರು ಹೇಳಲು ಯಾರೂ ಇಲ್ಲ. ಕಲ್ಲೆಸೆದ ಕೈಯನ್ನು ಸಮರ್ಥಿಸಲಾಗದು. ಆದರೆ ಆ ಕೈಗೆ ಸಲ್ಲಬೇಕಾದ ಕೂಲಿ ತಡೆಹಿಡಿಯಲ್ಪಟ್ಟಿತ್ತೆಂಬುದನ್ನು ಮರೆತು ತೀರ್ಪು ಕೊಡುವುದೂ ಅನ್ಯಾಯವೇ.

ನಮ್ಮ ಸಮೀಪದ ನಿದರ್ಶನವೇ ಬೇಕೆಂದರೆ ಬೇಲೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳನ್ನು ನೋಡಬಹುದು. 1974ರ ಭೂಸುಧಾರಣೆ ಉಳುವವನನ್ನು ಹೊಲದ ಒಡೆಯನನ್ನಾಗಿ ಮಾಡಿತು. ಪ್ಲಾಂಟೇಶನ್‌ಗಳನ್ನು ಮಾತ್ರ ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಗದ್ದೆಯ ಗೇಣಿದಾರ ಭೂಮಾಲೀಕನಾದಾಗಲೂ ತೋಟದ ಲೈನ್ ಮನೆಯಲ್ಲಿದ್ದವನು ಲೈನ್ ಮನೆಯಲ್ಲಿಯೇ ಉಳಿದ. ತೋಟದ ಮಾಲೀಕರ ಕಷ್ಟವನ್ನೂ ನಾವು ಅರಿಯದವರಲ್ಲ. ಈ ಶತಮಾನದ ಆರಂಭದಲ್ಲಿ ಕಾಫಿಯ ಬೆಲೆ ಕುಸಿದಾಗ ಎಷ್ಟೋ ಬೆಳೆಗಾರರು ಸಾಲದಲ್ಲಿ ಮುಳುಗಿದರು. ಆಗ ಅವರು ಆಳುಗಳಿಗೆ, "ಕಷ್ಟಕಾಲ, ಹೊಂದಿಕೊಳ್ಳಿ" ಎಂದರು, ಆಳುಗಳು ಹೊಂದಿಕೊಂಡರು. 2024 ಮತ್ತು 2025ರಲ್ಲಿ ಅದೇ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಆ ಏರಿಕೆಯಲ್ಲಿ ಎಷ್ಟು ಪಾಲು ಲೈನ್ ಮನೆಯ ಹೊಸ್ತಿಲು ದಾಟಿತು? ಅಸ್ಸಾಮಿನಿಂದ ಬಂದು ಹಣ್ಣು ಕೊಯ್ಯುವ ಕುಟುಂಬಕ್ಕೆ ಎಷ್ಟು ತಲುಪಿತು? ಉತ್ತರ ತೋಟದಿಂದ ತೋಟಕ್ಕೆ ಬೇರೆಯಾಗಬಹುದು. ಆದರೆ ನಷ್ಟದಲ್ಲಿ ಪಾಲು ಕೇಳಿದವರು ಲಾಭದಲ್ಲಿಯೂ ಪಾಲು ಕೊಡಬೇಕೆಂಬುದು ಎಲ್ಲ ತೋಟಗಳಿಗೂ ಸಲ್ಲುವ ಮಾತು.

ದಾನ ಕೂಲಿಗೆ ಬದಲಾದೀತೆ?

ಸಂಪತ್ತನ್ನು ಸಮರ್ಥಿಸುವವರು ಸಾಮಾನ್ಯವಾಗಿ ದಾನದ ಪಟ್ಟಿಯನ್ನು ಮುಂದಿಡುತ್ತಾರೆ. ನಾವು ಅತ್ಯಂತ ಎಚ್ಚರದಿಂದ ವಿವೇಚಿಸಬೇಕಾದದ್ದು ಇಲ್ಲಿಯೇ.

2012ರ ಅಕ್ಟೋಬರ್‌ನಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಷರ್ ವಿಮಾನಗಳು ಹಾರಾಟ ನಿಲ್ಲಿಸಿದವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ, ತಮ್ಮ ಹುಟ್ಟುಹಬ್ಬದ ಸಂದರ್ಭದಲ್ಲಿ, ಮಲ್ಯರು ತಿರುಪತಿಗೆ 3 ಕಿಲೋ ಚಿನ್ನ ಅರ್ಪಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಭಕ್ತಿಯ ಆಳವನ್ನು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ಮನೆಯಲ್ಲಿ ಬಾಕಿ ಉಳಿದ ಸಂಬಳವನ್ನು ದೇವರ ಸನ್ನಿಧಿಯ ಚಿನ್ನ ತೀರಿಸಲಾರದು ಎಂಬುದನ್ನು ಹೇಳಲು ಯಾವ ಅಧಿಕಾರವೂ ಬೇಕಿಲ್ಲ.

ಇದಕ್ಕೆ ಪ್ರತಿಯಾಗಿ ಬೆಂಗಳೂರಿನ ಅಜೀಂ ಪ್ರೇಮ್‌ಜಿಯವರನ್ನು ನೋಡಿ. ವಿಪ್ರೋ ಷೇರುಗಳ ಬಹುಪಾಲನ್ನು ಅವರು ತಮ್ಮ ಪ್ರತಿಷ್ಠಾನಕ್ಕೆ ಮೀಸಲಿಟ್ಟರು. 2019ರ ಹೊತ್ತಿಗೆ ಆ ಕೊಡುಗೆಯ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿಯಾಗಿತ್ತು. ಸರ್ಕಾರಿ ಶಾಲೆಗಳಲ್ಲಿ ಆ ಹಣ ಕೆಲಸ ಮಾಡುತ್ತಿದೆ. ಇನ್ಫೋಸಿಸ್ಸಿನ ಬಗೆಗೂ ನ್ಯಾಯವಾಗಿ ಮಾತಾಡಬೇಕು. 1981ರಲ್ಲಿ ಏಳು ಜನ ಸೇರಿ ಅಲ್ಪ ಬಂಡವಾಳದಿಂದ ಕಟ್ಟಿದ ಆ ಕಂಪನಿ, ನೌಕರರಿಗೂ ಷೇರುಗಳ ಪಾಲು ನೀಡಿದ ಮೊದಮೊದಲ ಭಾರತೀಯ ಕಂಪನಿಗಳಲ್ಲಿ ಒಂದು. ಆದ್ದರಿಂದಲೇ 70 ಗಂಟೆಗಳ ಮಾತು ಹೆಚ್ಚು ನೋವುಂಟುಮಾಡಿತು. ಮೂರ್ತಿಯವರು ತಾವೂ ಹಾಗೆಯೇ ದುಡಿದೆನೆಂದರು. ಅದರಲ್ಲಿ ಸಂದೇಹವಿಲ್ಲ. ಆದರೆ ತನ್ನ ಹೊಲದಲ್ಲಿ ಹಗಲಿರುಳು ಬೆವರುವವನಿಗೆ ಬೆಳೆಯೂ ಅವನದೇ. ಪರರ ಹೊಲದಲ್ಲಿ ಬೆವರುವವನಿಗೆ ಅಂದಿನ ಕೂಲಿ ಮಾತ್ರ. ಷೇರು ಇದ್ದವನ 70 ಗಂಟೆಯೂ ಸಂಬಳ ಮಾತ್ರ ಇದ್ದವನ 70 ಗಂಟೆಯೂ ಒಂದೇ ಅಲ್ಲ. ಪಾಲನ್ನು ಹಂಚಿ ಪಾಠ ಕಲಿಸಿದ ಸಂಸ್ಥೆಯಿಂದ ಈ ವ್ಯತ್ಯಾಸದ ಅರಿವನ್ನು ನಾಡು ನಿರೀಕ್ಷಿಸಿತ್ತು.

ದ್ರಾಕ್ಷಿತೋಟದ ಯಜಮಾನ

ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯನ್ನು ಸಿರಿವಂತರು ಬಹಳ ಇಷ್ಟಪಡುತ್ತಾರೆ. ದಿನವಿಡೀ ದುಡಿದವನಿಗೂ ಒಂದು ಗಂಟೆ ದುಡಿದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ. ತನ್ನ ಸೊತ್ತನ್ನು ತನಗಿಷ್ಟ ಬಂದಂತೆ ವಿನಿಯೋಗಿಸಬಾರದೇ ಎಂದು ಯಜಮಾನ ಕೇಳುತ್ತಾನೆ. "ನೋಡಿ, ಮಾಲೀಕನ ಹಕ್ಕನ್ನು ದೇವರೇ ಎತ್ತಿಹಿಡಿದಿದ್ದಾರೆ" ಎಂದು ಹೇಳುವವರಿದ್ದಾರೆ.

ಕಥೆಯನ್ನು ಇನ್ನೊಮ್ಮೆ ಓದಿ. ಆ ಯಜಮಾನ ಬೆಳಗ್ಗೆಯೇ ಕೂಲಿಯನ್ನು ಗೊತ್ತುಪಡಿಸಿಕೊಂಡಿದ್ದ. ಸಂಜೆಯಾಗುತ್ತಲೇ, ಮರುದಿನಕ್ಕೆ ಮುಂದೂಡದೆ ಕೊಟ್ಟ. ಒಪ್ಪಿದ್ದರಲ್ಲಿ ಯಾರಿಗೂ ಒಂದು ಕಾಸು ಕಡಿಮೆ ಮಾಡಲಿಲ್ಲ. ಕೆಲಸ ಸಿಗದೆ ಪೇಟೆಯ ಚೌಕದಲ್ಲಿ ನಿಂತಿದ್ದವನಿಗೂ ಮನೆಮಂದಿಯಿದ್ದಾರೆ, ಅವರಿಗೂ ರಾತ್ರಿಯ ಊಟ ಬೇಕು ಎಂಬುದನ್ನು ಕಂಡುಕೊಂಡ. ಇಷ್ಟೆಲ್ಲ ಮಾಡಿದ ಮೇಲೆ ಅವನು ತನ್ನ ಔದಾರ್ಯದ ಮಾತೆತ್ತಿದ. ಮೊದಲು ನ್ಯಾಯ, ಆಮೇಲೆ ಔದಾರ್ಯ: ಸಾಮತಿಯ ಕ್ರಮ ಅದು. ನಮ್ಮ ಕಾಲದಲ್ಲಿ ಆ ಕ್ರಮ ತಲೆಕೆಳಗಾಗಿದೆ. ಔದಾರ್ಯದ ಫೋಟೋ ಮೊದಲು ಬರುತ್ತದೆ, ನ್ಯಾಯದ ಲೆಕ್ಕ ಕಾರ್ಮಿಕ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕೊಳೆಯುತ್ತದೆ. ಗೊಣಗಿದವರ ಅಸೂಯೆಯನ್ನು ಪ್ರಭು ಖಂಡಿಸಿದ್ದು ಹೌದು. ಆದರೆ ಕೂಲಿಯನ್ನು ಪೂರ್ತಿ ಪಡೆದವರ ಅಸೂಯೆ ಅದು. ಕೂಲಿಯೇ ಸಿಗದವನ ಕೂಗಿಗೆ ಯಕೋಬನ ಪತ್ರದ ಐದನೆಯ ಅಧ್ಯಾಯವನ್ನು ತೆರೆದು ನೋಡಬೇಕು.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಹೇಳಿದ್ದೂ ಇದನ್ನೇ. ಖಾಸಗಿ ಆಸ್ತಿಯ ಹಕ್ಕನ್ನು ಅವರು ಎತ್ತಿಹಿಡಿದರು; ವರ್ಗದ್ವೇಷ ಸಮಾಜಕ್ಕೆ ಔಷಧಿಯಲ್ಲವೆಂದರು. ಅದೇ ಉಸಿರಿನಲ್ಲಿ, ದುಡಿದವನ ಕೂಲಿಯನ್ನು ತಡೆಹಿಡಿಯುವುದು ಘೋರ ಪಾಪವೆಂದೂ ಸಾರಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನು ಆರಿಸಿಕೊಳ್ಳಲು ಈ ವಿಶ್ವಪತ್ರವೂ ಒಂದು ಕಾರಣವೆಂದು ತಿಳಿಸಿದರು. ಕನ್ನಡದ ನೆಲಕ್ಕೂ ಈ ವಿವೇಕ ಹೊಸದಲ್ಲ. ಬೇಲೂರು ಹಳೇಬೀಡುಗಳಲ್ಲಿ ಉಳಿಯ ಸದ್ದು ಕೇಳುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಶರಣರು ಕಾಯಕವನ್ನು ಮೊದಲಿಟ್ಟು ದಾಸೋಹವನ್ನು ಅದರ ಫಲವಾಗಿ ಕಂಡರು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅದನ್ನು ಕಂಪನಿಗಳ ಆಡಳಿತ ಮಂಡಳಿಯ ಸಭೆಗಳಲ್ಲಿ ಹೇಳಬೇಕಾದ ಕಾಲ ಇದು.

ನಮ್ಮ ಅಂಗಳದಲ್ಲಿ

ಇಷ್ಟು ಹೇಳಿ ಮುಗಿಸಿದರೆ ಬೆರಳು ಹೊರಗಿನವರತ್ತ ಮಾತ್ರ ಚಾಚಿದಂತಾಗುತ್ತದೆ. ಧರ್ಮಸಭೆಯೂ ಒಬ್ಬ ಉದ್ಯೋಗದಾತ. ನಮ್ಮ ಶಾಲೆಗಳಲ್ಲಿ ಶಿಕ್ಷಕಿಯರಿದ್ದಾರೆ, ಆಸ್ಪತ್ರೆಗಳಲ್ಲಿ ದಾದಿಯರಿದ್ದಾರೆ, ಗುರುಮನೆಗಳಲ್ಲಿ ಅಡುಗೆಯವರಿದ್ದಾರೆ. "ಇದು ಸೇವೆ" ಎಂಬ ಪವಿತ್ರವಾದ ಮಾತು ಕಡಿಮೆ ಸಂಬಳಕ್ಕೆ ಹೊದಿಸಿದ ಬಟ್ಟೆಯಾಗಬಾರದು. ಸೇವೆಯ ವ್ರತ ತೊಟ್ಟವರು ನಾವು. ಮನೆಬಾಡಿಗೆ ಕಟ್ಟಬೇಕಾದವರು ಅವರು.

ನಮ್ಮ ದೇವಾಲಯಗಳ ಗೋಡೆಯ ಮೇಲಿನ ಅಮೃತಶಿಲೆಯ ಫಲಕಗಳನ್ನೂ ಒಮ್ಮೆ ನೋಡಿ. ಗಂಟೆ ಕೊಟ್ಟವರ ಹೆಸರಿದೆ, ಪೀಠ ಕೊಟ್ಟವರ ಹೆಸರಿದೆ, ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರಿದೆ. ಗೋಡೆ ಕಟ್ಟಿದ ಗಾರೆಯವನ ಹೆಸರು ಎಲ್ಲಿದೆ? ಒಂಬತ್ತು ನೂರು ವರ್ಷಗಳ ಹಿಂದೆ ದಾಸೋಜನಿಗೂ ಚಾವಣನಿಗೂ ಸಿಕ್ಕ ಗೌರವವನ್ನು ನಮ್ಮ ಕಾಲದ ಮೇಸ್ತ್ರಿಗೆ ಕೊಡಲು ಖರ್ಚೇನೂ ಇಲ್ಲ. ಹೆಸರು ಕೆತ್ತಿಸಿದರಷ್ಟೇ ಸಾಲದು ಎಂಬುದನ್ನೂ ಬಲ್ಲೆವು. ದಾನಿ ನಮ್ಮ ಬಾಗಿಲಿಗೆ ಚೆಕ್ ತಂದಾಗ, "ನಿಮ್ಮ ಆಳುಗಳಿಗೆ ಈ ತಿಂಗಳ ಸಂಬಳವಾಯಿತೆ?" ಎಂದು ವಿನಯದಿಂದ ಕೇಳುವ ಧೈರ್ಯ ಗುರುಗಳಾದ ನಮಗೆ ಬರಬೇಕು. ಜಕ್ಕಾಯನ ಮನೆಗೆ ಪ್ರಭು ಊಟಕ್ಕೆ ಹೋದರು. ಅಂದು ಜಕ್ಕಾಯ ಬಡವರಿಗೆ ಅರ್ಧ ಆಸ್ತಿ ಕೊಡುವೆನೆಂದು ಹೇಳಿದ್ದಲ್ಲದೆ, ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂತಿರುಗಿಸುವೆನೆಂದೂ ಹೇಳಿದ. ಆ ಮನೆಗೆ ರಕ್ಷಣೆ ಬಂದದ್ದು ಈ ಎರಡೂ ಮಾತುಗಳು ಕೂಡಿದಾಗ.

ಪ್ರಿಯ ಓದುಗರೇ, ನಿಮ್ಮಲ್ಲಿ ಆಳಾಗಿ ದುಡಿಯುವವರಿದ್ದೀರಿ, ಹತ್ತು ಜನಕ್ಕೆ ಕೆಲಸ ಕೊಟ್ಟವರೂ ಇದ್ದೀರಿ. ದುಡಿಯುವವರು ತಮ್ಮ ಸಿಟ್ಟನ್ನು ಪರೀಕ್ಷಿಸಿಕೊಳ್ಳಲಿ: ಅದು ಕೇಳುತ್ತಿರುವುದು ತನ್ನ ಪಾಲನ್ನೋ, ಪರರ ಪತನವನ್ನೋ? ಪಾಲನ್ನಾದರೆ ಸಂಘಟಿತರಾಗಿ, ಅಂಜದೆ ಕೇಳಲಿ. ಕೆಲಸ ಕೊಟ್ಟವರು ಈ ತಿಂಗಳ ಕೊನೆಗೆ ದಾನದ ರಸೀದಿಗಳನ್ನು ಬದಿಗಿಟ್ಟು ಸಂಬಳದ ಪುಸ್ತಕವನ್ನು ತೆರೆದು ನೋಡಲಿ. ಅದರಲ್ಲಿ ಬಾಕಿ ಉಳಿದಿರುವ ಹೆಸರುಗಳಿದ್ದರೆ, ದೇವರಿಗೆ ಸಲ್ಲಿಸಬೇಕಾದ ಕಾಣಿಕೆಯನ್ನು ಮೊದಲು ಆ ಮನೆಗಳಿಗೆ ತಲುಪಿಸಲಿ.