ರಕ್ಷಣೆಯ ಹಗ್ಗ ಬಟ್ಟೆ ಒಣಹಾಕಲಿಕ್ಕಲ್ಲ

ಹಾವೇರಿ ಜಿಲ್ಲೆಯ ಅಗಡಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯವರಿಗೆ ವರದಾ, ತುಂಗಭದ್ರೆಯ ತೆಪ್ಪ ಹೊಸದಲ್ಲ. ಕಯಾಕ್ ಬೇಕೆಂದರೆ ಗಣೇಶಗುಡಿಯ ಕಾಳಿಗೋ ಹೊನ್ನಾವರದ ಶರಾವತಿಗೋ ಹೋಗಬೇಕು. ಹವ್ಯಾಸ ಹತ್ತಿ ಸ್ವಂತ ಸಲಕರಣೆ ಕೊಂಡವರ ಮನೆಯಲ್ಲಿ ಅದು ನೀರು ಕಾಣುವ ದಿನಗಳಿಗಿಂತ ಮನೆಗೆಲಸದ ದಿನಗಳೇ ಹೆಚ್ಚು. ಲೈಫ್ ಜಾಕೆಟ್ ಟ್ರ್ಯಾಕ್ಟರ್ ಸೀಟಿನ ಮೆತ್ತೆಯಾಗುತ್ತದೆ, ನೀರಿಗೆ ಬಿದ್ದವರತ್ತ ಎಸೆಯುವ ಥ್ರೋ ಬ್ಯಾಗಿನ ಹಗ್ಗ ಬಟ್ಟೆ ಒಣಹಾಕುವ ತಂತಿಯ ಕೆಲಸ ಮಾಡುತ್ತದೆ.

ಈ ರೂಢಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಟ್ಟದ ಮೇಲೆ ಕಟ್ಟಿಟ್ಟ ಸಾಮಾನನ್ನು ಇಲಿ ಕಡಿದರೂ ಬಕಲ್ ಮುರಿದರೂ ಯಾರಿಗೂ ತಿಳಿಯದು. ನೀರು ಹೋಗದ ಡ್ರೈ ಬ್ಯಾಗನ್ನು ಮಳೆಗಾಲದಲ್ಲಿ ಕಾಗದಪತ್ರಕ್ಕೆ ಬಳಸಿದರೆ ಅದರ ತೂತು ಮನೆಯಲ್ಲೇ ಗೊತ್ತಾಗುತ್ತದೆ. ಸೀಟಿ, ಟಾರ್ಚ್‌ಗಳದೂ ಅದೇ ಕಥೆ: ಬಳಸಿದಷ್ಟೂ ಕೆಟ್ಟದ್ದು ಬೇಗ ಕಾಣುತ್ತದೆ.

ಹಗ್ಗ, ಜಾಕೆಟ್‌ಗಳದು ಹಾಗಲ್ಲ. ಅವು ಒಳಗಿಂದೊಳಗೆ ಸೋಲುತ್ತವೆ.

ಥ್ರೋ ಬ್ಯಾಗಿನಲ್ಲಿರುವುದು ಸಾಮಾನ್ಯವಾಗಿ 15ರಿಂದ 20 ಮೀಟರ್ ಉದ್ದದ, ನೀರಿನ ಮೇಲೆ ತೇಲುವ ಪಾಲಿಪ್ರೊಪಿಲಿನ್ ಹಗ್ಗ. ಬಿಸಿಲು ಅದರ ಎಳೆಗಳನ್ನು ಪೆಡಸಾಗಿಸುತ್ತದೆ, ಒಳಸೇರಿದ ಮರಳು ಸವೆಸುತ್ತದೆ, ಗಂಟು ಬಿದ್ದಲ್ಲಿ ಬಲ ಕುಗ್ಗುತ್ತದೆ. ಇನ್ನೊಂದು ಅಪಾಯವಿದೆ. ಬಟ್ಟೆ ತೆಗೆದ ಮೇಲೆ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿದರೆ ಎಸೆದಾಗ ಅದು ಸಿಕ್ಕಾಗುತ್ತದೆ. ಸುತ್ತದೆ, ಒಂದೊಂದೇ ಗೇಣು ತುರುಕಿದರೆ ಮಾತ್ರ ಸರಾಗ ಬಿಚ್ಚಿಕೊಳ್ಳುತ್ತದೆ.

ಜಾಕೆಟ್‌ನ ಜೀವ ಅದರೊಳಗಿನ ಫೋಮ್. 70 ಕಿಲೋ ಮೀರಿದವರಿಗೆ ಕನಿಷ್ಠ 50 ನ್ಯೂಟನ್, ಅಂದರೆ ನೀರಿನಲ್ಲಿ ಸುಮಾರು 5 ಕಿಲೋ ಎತ್ತುವಷ್ಟು ಬಲ ಬೇಕು. ದಿನವೂ ಮೇಲೆ ಕೂತರೆ ಫೋಮ್ ಅಪ್ಪಚ್ಚಿಯಾಗಿ ಆ ಬಲ ಇಳಿಯುತ್ತದೆ. ಬಣ್ಣ ಉಳಿಯಲೆಂದು ಬ್ಯಾಡಗಿ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಡುವ ಜನ, ಜಾಕೆಟನ್ನು ಮಾತ್ರ ಮಾಳಿಗೆಯ ಬಿಸಿಲಿಗೆ ಬಿಡುವುದು ವಿಚಿತ್ರ. ಪರೀಕ್ಷೆ ಸುಲಭ: ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಎದೆಮಟ್ಟದ ನಿಂತ ನೀರಿನಲ್ಲಿ ಜಾಕೆಟ್ ತೊಟ್ಟು ಮೊಣಕಾಲು ಮೇಲೆತ್ತಬೇಕು. ಗದ್ದ ಮುಳುಗಿದರೆ ಆ ಜಾಕೆಟ್ ನಿಜಕ್ಕೂ ಸೀಟಿನ ಮೆತ್ತೆಗೇ ಲಾಯಕ್ಕು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಬಳಿ ದೋಣಿ ಮಗುಚಿ 16 ಮಂದಿ ಸತ್ತರು; ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ಆಗ ಎದ್ದದ್ದು ಜಾಕೆಟ್ ಕೊಟ್ಟಿದ್ದರೇ ಎಂಬ ಪ್ರಶ್ನೆ. ಕೊಟ್ಟ ಜಾಕೆಟ್ ತೇಲಿಸುತ್ತದೆಯೇ ಎಂಬುದೂ ಅಷ್ಟೇ ಮುಖ್ಯ. ಡ್ರೈ ಬ್ಯಾಗ್, ಸೀಟಿ, ಟಾರ್ಚ್ ಮನೆಯವರೆಲ್ಲರ ಕೈಯಲ್ಲಿ ಓಡಾಡಲಿ. ಹಗ್ಗ, ಜಾಕೆಟ್ ಮಾತ್ರ ತೊಳೆದು, ನೆರಳಲ್ಲಿ ಒಣಗಿಸಿ, ಬೇರೆ ಗೂಟಕ್ಕೆ ತೂಗುಹಾಕಿ. ಬಟ್ಟೆಗೆ ಅಂಗಡಿಯ ನೈಲಾನ್ ಹಗ್ಗ ಸಾಕು.